ಪುಟ್ಟಿ ಹಚ್ಚಿದ ಹೆಲ್ಮೆಟ್

ನಲವತ್ತು ದಾಟಿದ ಗಂಡಸು ಹೊಸದೇನನ್ನಾದರೂ ಕಲಿಯಲು ಹೊರಟರೆ ನಮ್ಮ ಬೀದಿಗಳಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಚಿತ್ರ ಬರೆಯಲು ಕೂತರೆ "ಪ್ರದರ್ಶನ ಯಾವಾಗ ಸ್ವಾಮಿ?" ಎನ್ನುತ್ತಾರೆ. ಈಜಲು ಹೋದರೆ ಹೊಟ್ಟೆಯ ಕಡೆ ನೋಡಿ, "ಕೊಳದಲ್ಲಿ ನೀರು ಉಳೀತಾ?" ಎಂದು ಕೇಳುತ್ತಾರೆ. ಈ ನಗುವಿಗೆ ಹೆದರಿ ಎಷ್ಟೋ ಜನ ಕಲಿಯುವ ಆಸೆಯನ್ನೇ ನುಂಗಿಕೊಳ್ಳುತ್ತಾರೆ. ಇನ್ನು ಕೆಲವರು ಕಲಿಯುತ್ತಾರೆ, ಆದರೆ ಬಿದ್ದದ್ದನ್ನು ಮುಚ್ಚಿಡುತ್ತಾರೆ. ಇದು ಹಾಗೆ ಮುಚ್ಚಿಟ್ಟವನೊಬ್ಬನ ಕಥೆ.

ಅವನು ಗ್ಯಾರೇಜಿನಲ್ಲಿ ಕಾರುಗಳಿಗೆ ಡೆಂಟಿಂಗ್, ಪೇಂಟಿಂಗ್ ಮಾಡುವವನು. ಬೀದಿಯಲ್ಲಿ ಅವನ ಹೆಸರು ಫಿನಿಶಿಂಗ್ ಅಣ್ಣ. ನಜ್ಜುಗುಜ್ಜಾದ ಬಾಗಿಲನ್ನು ತಟ್ಟಿ ಸಮ ಮಾಡಿ, ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು ನಿಲ್ಲಿಸಿದನೆಂದರೆ, ಗುದ್ದಿದವನಿಗೇ ತಾನು ಎಲ್ಲಿ ಗುದ್ದಿದ್ದೆ ಎಂದು ತಿಳಿಯುತ್ತಿರಲಿಲ್ಲ. ಇಡೀ ದಿನ ಬಗ್ಗಿ ಕೆಲಸ ಮಾಡಿ ಅವನ ಬೆನ್ನು ಹಿಡಿದುಕೊಂಡಿತ್ತು. ಸಂಜೆ ಮನೆಗೆ ಬಂದರೆ ಸೋಫಾ, ಫೋನು, ಸಿಡುಕು. ಹಾಗಿರುವಾಗ ಗಿರಾಕಿಯೊಬ್ಬ ಊರಾಚೆಯ ಮೋಟೋಕ್ರಾಸ್ ಮೈದಾನಕ್ಕೆ ಕರೆದುಕೊಂಡು ಹೋದ. ಮಣ್ಣಿನ ದಿಬ್ಬ, ತಿರುವು, ಅವುಗಳ ಮೇಲೆ ಎಗರುವ ಹಗುರ ಬೈಕುಗಳು. ಅವನು ಮಗುವಿನ ಹಾಗೆ ಬಾಯಿ ಬಿಟ್ಟು ನೋಡಿದ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ವಿಷಯ ಕೇಳಿ ತನ್ನ ಕನ್ನಡಕವನ್ನೇ ತೆಗೆದು ಒರೆಸಿಕೊಂಡಳು.

"ಏನ್ರೀ, ಮೆಟ್ಟಿಲು ಹತ್ತೋಕೆ ಅಯ್ಯೋ ಅಮ್ಮಾ ಅಂತೀರ. ಈಗ ದಿಬ್ಬ ಹಾರ್ತೀರಾ?"

"ಹಾರಲ್ಲ ಕಣೇ. ಮೊದಲು ನಿಂತುಕೊಂಡು ಓಡಿಸೋದು ಕಲಿಸ್ತಾರೆ. ಅಲ್ಲಿ ಟ್ರೇನರ್ ಮೇಡಂ ಇದಾರೆ, ಬಹಳ ಸ್ಟ್ರಿಕ್ಟು."

"ಸರಿ ಹೋಗಿ. ಆದ್ರೆ ಒಂದು ಮಾತು. ಒಂದೇ ಒಂದು ಸಲ ಬಿದ್ರೂ ಅವತ್ತೇ ಬಿಡ್ಬೇಕು. ಆಣೆ ಮಾಡಿ."

ಅವನು ನಗುತ್ತಾ ಆಣೆ ಮಾಡಿದ. ಬೀಳದೆ ಕಲಿಯುವ ಆಟವಲ್ಲ ಇದು ಎಂದು ಅವನಿಗಾಗಲಿ ಅವಳಿಗಾಗಲಿ ಆಗ ತಿಳಿದಿರಲಿಲ್ಲ.

ಭಾನುವಾರಗಳು ಬದಲಾದವು. ಮೊಣಕಾಲಿಗೆ ಗಾರ್ಡು, ಕಾಲಿಗೆ ಗಟ್ಟಿ ಬೂಟು, ತಲೆಗೆ ಮುಂದೆ ಗದ್ದದವರೆಗೆ ಚಾಚಿದ ಹೆಲ್ಮೆಟ್ಟು. ಬೆನ್ನು ಸಡಿಲಾಯಿತು, ಸಿಡುಕು ಇಳಿಯಿತು. ಹೆಂಡತಿಯೇ ಅಂಗಡಿಯಲ್ಲಿ, "ನಮ್ಮನೆಯವರು ಈಗ ಹಾಡು ಗುನುಗ್ತಾ ಪಾತ್ರೆ ತೊಳೀತಾರೆ" ಎಂದು ಹೇಳಿಕೊಂಡಳು.

ಆಮೇಲೆ ಒಂದು ಬೆಳಿಗ್ಗೆ ಅವನು ಮೇಡಂ ಬರುವುದಕ್ಕೆ ಮೊದಲೇ ಮೈದಾನಕ್ಕೆ ಹೋದ. ಒಬ್ಬರೇ ಓಡಿಸಬಾರದು ಎಂಬುದು ಅಲ್ಲಿನ ಮೊದಲ ನಿಯಮ. ಆದರೆ ತನಗಿಂತ ಚಿಕ್ಕವರೆಲ್ಲ ಸಲೀಸಾಗಿ ದಾಟುವ ದಿಬ್ಬದಲ್ಲಿ ತಾನು ಮಾತ್ರ ಬ್ರೇಕ್ ಹಿಡಿಯುವುದು ಅವನಿಗೆ ಅವಮಾನವಾಗಿ ಕಂಡಿತ್ತು. ಯಾರೂ ಇಲ್ಲದಾಗ ಕಲಿತುಬಿಡೋಣ ಎಂದುಕೊಂಡ. ದಿಬ್ಬ ಹತ್ತಿದ, ಗಾಡಿ ಒಂದು ಕಡೆ ಹಾರಿತು, ಇವನು ಒಂದು ಕಡೆ. ತಲೆಯ ಹಿಂಭಾಗ ಕಲ್ಲಿಗೆ ಬಡಿಯಿತು.

ಎದ್ದು ಕೂತ. ರಕ್ತವಿಲ್ಲ, ಮೂಳೆ ಮುರಿದಿಲ್ಲ. ಹೆಲ್ಮೆಟ್ಟಿನ ಹಿಂದೆ ಮಾತ್ರ ಬೆರಳುದ್ದದ ಬಿರುಕು. ಅವನಿಗೆ ಮೊದಲು ಬಂದ ಯೋಚನೆ ತಲೆಯದ್ದಲ್ಲ, ಆಣೆಯದ್ದು. 'ಗೊತ್ತಾದರೆ ಬಿಡಬೇಕಾಗುತ್ತದೆ' ಎಂದುಕೊಂಡ.

ಮಧ್ಯಾಹ್ನ ಗ್ಯಾರೇಜಿನವರೆಲ್ಲ ಊಟಕ್ಕೆ ಹೋದಾಗ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟ. ಬಿರುಕಿಗೆ ಪುಟ್ಟಿ ತುಂಬಿದ. ಒಣಗಿದ ಮೇಲೆ ಉಜ್ಜಿದ, ಬಣ್ಣಕ್ಕೆ ಬೆರೆಸುವ ಥಿನ್ನರ್ ಹಾಕಿ ಒರೆಸಿದ, ಬಣ್ಣ ಹೊಡೆದ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಬಿರುಕು ಎಲ್ಲಿತ್ತೆಂದು ಅವನ ಕಣ್ಣಿಗೇ ಕಾಣಲಿಲ್ಲ. ಒಂದು ಗಳಿಗೆ ತನ್ನ ಕೈಗೆ ತಾನೇ ಶಭಾಸ್ ಎಂದುಕೊಂಡ.

ಆ ವಾರ ತಲೆ ಭಾರವಾಗಿತ್ತು, ಬೆಳಕು ಕಂಡರೆ ಕಣ್ಣು ಚುಚ್ಚುತ್ತಿತ್ತು. ಹೆಂಡತಿ ಕೇಳಿದಾಗ, "ಥಿನ್ನರ್ ವಾಸನೆ ಕಣೇ" ಎಂದ. ಅವಳು ಪಾಪ, ಮರುದಿನವೇ ಗ್ಯಾರೇಜಿಗೆಂದು ಒಳ್ಳೆಯ ಮಾಸ್ಕು ತಂದುಕೊಟ್ಟಳು. ಅದನ್ನು ಮುಖಕ್ಕೆ ಕಟ್ಟಿಕೊಳ್ಳುವಾಗಲೆಲ್ಲ ಅವನಿಗೆ ಹೇಸಿಗೆಯಾಗುತ್ತಿತ್ತು. ಮಾಸ್ಕಿನ ಮೇಲಲ್ಲ, ತನ್ನ ಮೇಲೆ.

ಹೇಳಿಬಿಡೋಣ ಎಂದು ಅಂದುಕೊಳ್ಳುತ್ತಲೇ ದಿನಗಳು ಸರಿದವು. ತಲೆಯ ಭಾರ ತಾನಾಗಿ ಇಳಿಯಿತು. ಆಗ ನಾದಿನಿ ಬಂದಳು.

ಹೆಂಡತಿಯ ತಂಗಿ ಅವಳು. ಬೇಕರಿಯಲ್ಲಿ ಕೇಕುಗಳ ಮೇಲೆ ಕ್ರೀಮ್ ಹಚ್ಚುವ ಕೆಲಸ. ಬಾಯಿ ತೆರೆದರೆ ಭಾವನ ಕಾಲೆಳೆಯುವುದೇ.

"ಭಾವ, ನಿಮ್ಮದೂ ನನ್ನದೂ ಒಂದೇ ಕಸುಬು ನೋಡಿ. ನೀವು ಸೊಟ್ಟ ಕಾರು ಮುಚ್ತೀರ, ನಾನು ಸೊಟ್ಟ ಕೇಕು ಮುಚ್ತೀನಿ."

"ನಿನ್ನ ಕೇಕು ತಿಂದವರಿಗೆ ಗೊತ್ತಾಗುತ್ತೆ ಬಿಡು."

"ಇರಲಿ. ಈ ಭಾನುವಾರ ನನ್ನನ್ನೂ ಮೈದಾನಕ್ಕೆ ಕರ್ಕೊಂಡು ಹೋಗಿ. ನಾನೂ ಕಲೀತೀನಿ. ಅರವತ್ತಾದ ಮೇಲೆ ಕಲಿಯೋಕಾಗುತ್ತಾ?"

ಹೆಂಡತಿ ಬೇಡವೆನ್ನುತ್ತಾಳೆ ಎಂದು ಅವನು ಕಾದ. ಅವಳು ಬೇಡವೆನ್ನಲಿಲ್ಲ. "ಹೋಗೇ. ನಿಮ್ಮ ಭಾವನ್ನ ನೋಡು, ಇಷ್ಟು ದಿನದಲ್ಲಿ ಒಂದು ಸಲಾನೂ ಬಿದ್ದಿಲ್ಲ" ಎಂದಳು. ಆಮೇಲೆ ಒಳಗೆ ಹೋಗಿ ಹೆಲ್ಮೆಟ್ಟನ್ನು ತಂದು ತಂಗಿಯ ಮಡಿಲಿಗಿಟ್ಟಳು. "ಇದನ್ನೇ ಹಾಕ್ಕೋ. ಎಷ್ಟು ಜೋಪಾನ ಮಾಡಿದ್ದಾರೆ ನೋಡು, ಹೊಸದರ ಹಾಗಿದೆ."

ಅವನು ಹೆಲ್ಮೆಟ್ಟಿಗೆ ಕೈ ಚಾಚಿದ. "ಅದು... ನಿನಗೆ ಸೈಜು ಆಗಲ್ಲ" ಎಂದ.

ನಾದಿನಿ ತಲೆಗೆ ಹಾಕಿಕೊಂಡು ಕತ್ತು ಕುಣಿಸಿದಳು. "ಅಳತೆ ಕೊಟ್ಟು ಮಾಡಿಸಿದ ಹಾಗಿದೆ ಭಾವ!"

ಇನ್ನೊಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಹೊಸಬಳು, ನಿಧಾನವಾಗಿ ತಾನೇ ಓಡಿಸುವುದು, ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಭಾನುವಾರ ಮೂವರೂ ಹೋದರು. ಮೈದಾನದ ಬಾಗಿಲಲ್ಲಿ ಟ್ರೇನರ್ ಮೇಡಂ ಎಲ್ಲರ ಸಾಮಾನು ಪರೀಕ್ಷಿಸುತ್ತಿದ್ದರು. ಬೂಟಿನ ಬಕಲ್ ಎಳೆದರು, ಗಾರ್ಡು ಅಲುಗಿಸಿದರು. ಹೆಲ್ಮೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಇವರೇ ಕಂಡುಹಿಡಿದುಬಿಡಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ.

"ಯಾರದಿದು? ನಿಮ್ಮದಾ? ಹೀಗಿಟ್ಟುಕೋಬೇಕು ನೋಡ್ರಪ್ಪಾ ಸಾಮಾನನ್ನ!" ಎಂದು ಮೇಡಂ ಎಲ್ಲರಿಗೂ ಎತ್ತಿ ತೋರಿಸಿದರು.

ಸಾಲಿನಲ್ಲಿ ನಿಂತಿದ್ದವರು ತಲೆಯಾಡಿಸಿದರು. ಹೆಂಡತಿ ಹೆಮ್ಮೆಯಿಂದ ಅವನ ಕಡೆ ನೋಡಿದಳು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬದುಕಿನಲ್ಲಿ ಎಷ್ಟೋ ಸಲ ಅವನ ಫಿನಿಶಿಂಗನ್ನು ಜನ ಹೊಗಳಿದ್ದರು. ಹೊಗಳಿಕೆ ಕೆನ್ನೆಗೆ ಬಾರಿಸಿದಂತೆ ಬಿದ್ದದ್ದು ಅವತ್ತೇ.

ನಾದಿನಿ ಸಮತಟ್ಟಿನ ಮೇಲೆ ಸುತ್ತಿದಳು. ಚೆನ್ನಾಗಿಯೇ ಓಡಿಸಿದಳು. ಮೇಡಂ ಕೈಸನ್ನೆ ಮಾಡಿ ಚಿಕ್ಕ ದಿಬ್ಬದ ಕಡೆ ತೋರಿಸಿದರು. ಅದು ಅವನು ಬಿದ್ದ ದಿಬ್ಬಕ್ಕಿಂತ ಚಿಕ್ಕದೇ. ಆದರೂ ಅವಳು ಗಾಡಿ ತಿರುಗಿಸಿದ್ದನ್ನು ಕಂಡಾಗ ಅವನ ಎದೆ ಧಸಕ್ಕೆಂದಿತು. "ನಿಲ್ಲಿಸು!" ಎಂದು ಕೂಗಿದ. ಇಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ತಿರುವಿನಲ್ಲಿ ಒಬ್ಬ ಹಳದಿ ಬಾವುಟ ಹಿಡಿದು ನಿಂತಿದ್ದ. ಆ ಬಾವುಟ ಬೀಸಿದರೆ ಅಪಾಯ, ನಿಧಾನ ಮಾಡು ಎಂದರ್ಥ. ಇವನು ಓಡಿಹೋಗಿ ಅದನ್ನು ಕಿತ್ತುಕೊಂಡು, ಹುಚ್ಚನ ಹಾಗೆ ಬೀಸಿದ.

ನಾದಿನಿ ಗಾಬರಿಯಿಂದ ಬ್ರೇಕ್ ಹಿಡಿದಳು. ಗಾಡಿ ನಿಂತಿತು. ಕಾಲು ನೆಲಕ್ಕೆ ಎಟುಕದೆ, ನಿಂತ ಗಾಡಿಯ ಜೊತೆಗೇ ಪಕ್ಕಕ್ಕೆ ಒರಗಿ ಬಿದ್ದಳು. ತಲೆ ನೆಲಕ್ಕೆ ತಾಗಿತು.

"ಭಾವಾ! ಓಡೋ ಗಾಡಿಯಿಂದ ಬಿದ್ದರೆ ಒಂದು ಮರ್ಯಾದೆ. ನಿಂತ ಗಾಡಿಯಿಂದ ಬೀಳಿಸಿದ್ರಲ್ಲಾ!" ಎನ್ನುತ್ತಾ ಎದ್ದಳು. ಹೆಲ್ಮೆಟ್ ತೆಗೆದಳು. ನಗು ಅಲ್ಲೇ ನಿಂತಿತು. ಹೆಲ್ಮೆಟ್ಟಿನ ಹಿಂದಿನಿಂದ ಬಣ್ಣದ ಸಮೇತ ಪುಟ್ಟಿಯ ಚಕ್ಕೆಯೊಂದು ಕಳಚಿ ಅವಳ ಅಂಗೈಗೆ ಬಂದಿತ್ತು. ಅದರ ಕೆಳಗೆ ಬಿರುಕು ಬಾಯಿ ತೆರೆದಿತ್ತು.

ಮೇಡಂ, ಹೆಂಡತಿ ಇಬ್ಬರೂ ಓಡಿ ಬಂದರು. ಯಾರೂ ಕೇಳುವ ಮೊದಲೇ ಅವನು ಹೇಳಿದ:

"ನಾನೇ. ಒಬ್ಬನೇ ಬಂದು ಬಿದ್ದಿದ್ದೆ. ಒಡೆದಿತ್ತು. ಗೊತ್ತಾದ್ರೆ ಬಿಡ್ಬೇಕಾಗುತ್ತೆ ಅಂತ ಪುಟ್ಟಿ ಹಾಕ್ದೆ."

ಮೇಡಂ ಅವನ ಕಡೆ ನೋಡಲಿಲ್ಲ. ಮೊದಲು ನಾದಿನಿಯನ್ನು ನೆರಳಿನಲ್ಲಿ ಕೂರಿಸಿ ಕೇಳಿದರು: ತಲೆ ನೋಯುತ್ತಿದೆಯಾ? ವಾಂತಿ ಬರುವ ಹಾಗಿದೆಯಾ? ಕಣ್ಣು ಮಂಜಾ? ಇವತ್ತು ಯಾವ ವಾರ? ಅವಳು ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟಳು. "ಆದ್ರೂ ಡಾಕ್ಟರಿಗೆ ತೋರಿಸಿಯೇ ಮನೆಗೆ ಹೋಗ್ಬೇಕು. ಇವತ್ತೆಲ್ಲ ಒಬ್ಬಳನ್ನೇ ಬಿಡಬೇಡಿ" ಎಂದರು. ಆಮೇಲೆ ಅವನ ಕಡೆ ತಿರುಗಿದರು.

"ನಿಮಗೆ? ಬಿದ್ದಾಗ ತಲೆನೋವು ಬಂದಿತ್ತಾ?"

"ಒಂದು ವಾರ ಇತ್ತು ಮೇಡಂ."

"ಥಿನ್ನರ್ ವಾಸನೆ ಅಂದಿದ್ರಿ" ಎಂದಳು ಹೆಂಡತಿ. ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ನನಗೆ ಹೇಳ್ಲಿಲ್ಲ, ಹೋಗ್ಲಿ. ಗೊತ್ತಿದ್ದೂ ಅವಳ ತಲೆಗೆ ಹಾಕೋಕೆ ಬಿಟ್ರಲ್ಲ?"

ಅವನು ನಾದಿನಿಯ ಕೈಯಿಂದ ಹೆಲ್ಮೆಟ್ಟನ್ನು ತೆಗೆದು ಮೇಡಂಗೆ ಕೊಟ್ಟ.

ಮೇಡಂ ಹೆಲ್ಮೆಟ್ಟಿನ ಒಳಗಿನ ಬಟ್ಟೆ ಬಿಚ್ಚಿದರು. ಒಳಗೆ ಥರ್ಮಾಕೋಲಿನಂಥ ಬಿಳಿ ಪದರ. ಬಿರುಕಿನ ಕೆಳಗೆ ಅದು ಅಪ್ಪಚ್ಚಿಯಾಗಿ ತೆಳ್ಳಗಾಗಿತ್ತು.

"ಇಲ್ಲಿ ಬೆರಳಿಟ್ಟು ನೋಡಿ. ನಿಮ್ಮ ತಲೆಗೆ ಬೀಳಬೇಕಾದ ಪೆಟ್ಟು ತಿಂದದ್ದು ಈ ಪದರ. ಒಂದು ಸಲ ಅಮುಕಿದರೆ ಮತ್ತೆ ಉಬ್ಬಲ್ಲ. ಮೇಲೆ ಬಿರುಕೇ ಕಾಣದಿದ್ರೂ, ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ಟಿನ ಕೆಲಸ ಮುಗೀತು. ನೀವು ಅದರ ಮೇಲೆ ಥಿನ್ನರ್ ಬೇರೆ ಒರೆಸಿದ್ದೀರ. ಹೊರಗಿನ ಚಿಪ್ಪು ಅದರಿಂದ ಇನ್ನಷ್ಟು ಮೆತ್ತಗಾಗುತ್ತೆ. ಕಾರಿನ ಬಾಗಿಲಿಗೆ ಅಂದ ಸಾಕು ಅಣ್ಣಾ. ಇದಕ್ಕೆ ಸಾಲಲ್ಲ."

"ನಾನೂ ಮೋಸ ಹೋದೆ" ಎಂದು ಅವರೇ ಮುಂದುವರಿಸಿದರು. "ಇನ್ಮೇಲೆ ಒಳಪದರ ಬಿಚ್ಚಿ ನೋಡದೆ ಯಾರ ಹೆಲ್ಮೆಟ್ಟನ್ನೂ ಒಳಗೆ ಬಿಡಲ್ಲ."

ಹೆಂಡತಿ ಬಿಳಿ ಪದರದ ಮೇಲೆ ಬೆರಳಾಡಿಸಿದಳು. "ಇದೇ ಕೊನೆ. ಇಬ್ಬರೂ ಮನೇಲಿರಿ. ಈ ಆಟವೇ ಬೇಡ" ಎಂದಳು.

"ಅಮ್ಮಾ, ಒಂದು ಕೇಳ್ತೀನಿ. ಬಿದ್ದರೆ ಬಿಡಬೇಕು ಅಂತ ಷರತ್ತು ಹಾಕಿದ್ರಾ?" ಎಂದರು ಮೇಡಂ.

"ಹಾಕಿದ್ದೆ. ಭಯಕ್ಕೆ."

"ಭಯ ಸರಿಯೇ. ಆದ್ರೆ ಕಲಿಯೋರು ಬೀಳ್ತಾರೆ. ಇದರಲ್ಲಷ್ಟೇ ಅಲ್ಲ, ಮರಗೆಲಸ ಕಲಿಯೋರು ಕೈ ಕುಯ್ಕೋತಾರೆ, ಸೈಕಲ್ ಕಲಿಯೋರು ಮೊಣಕಾಲು ತರಚ್ಕೋತಾರೆ. ಬಿದ್ದದ್ದೇ ತಪ್ಪು ಅಂದ್ರೆ ಯಾರೂ ಬಾಯಿ ಬಿಡಲ್ಲ. ಬಿಡದಿದ್ರೆ ಡಾಕ್ಟರ್ ಹತ್ರ ಹೋಗೋದು ಹೇಗೆ, ಒಡೆದ ಸಾಮಾನು ಎಸೆಯೋದು ಹೇಗೆ?"

ಹೆಂಡತಿ ತಂಗಿಯ ಪಕ್ಕದಲ್ಲಿ ಕೂತಳು. ನಾದಿನಿ ಅಕ್ಕನ ಭುಜಕ್ಕೆ ಒರಗಿ, "ನಾನಂತೂ ಮತ್ತೆ ಬರ್ತೀನಿ ಅಕ್ಕ. ಹೊಸ ಹೆಲ್ಮೆಟ್ ಹಾಕ್ಕೊಂಡು, ಭಾವನ ಬಾವುಟದಿಂದ ದೂರ" ಎಂದಳು. ಅಕ್ಕನಿಗೆ ನಗು ಬಂತು, ಜೊತೆಗೇ ಅಳುವೂ ಬಂತು.

ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿದರು. ನಾದಿನಿಗೆ ಏನೂ ಆಗಿರಲಿಲ್ಲ. ಅವನ ತಲೆಯೂ ಅದೃಷ್ಟಕ್ಕೆ ಸರಿಹೋಗಿತ್ತು. ಆದರೆ ತಲೆಗೆ ಪೆಟ್ಟು ಬಿದ್ದು, ನೋವು ಆರುವ ಮುಂಚೆ ಇನ್ನೊಂದು ಪೆಟ್ಟು ಬಿದ್ದಿದ್ದರೆ ಪ್ರಾಣಕ್ಕೇ ಕುತ್ತು ಬರಬಹುದಿತ್ತು ಎಂದರು. ತಾವು ಹೇಳುವವರೆಗೆ ಬೈಕ್ ಮುಟ್ಟಕೂಡದು ಎಂದು ಕಳಿಸಿದರು.

ಮನೆಗೆ ಬಂದ ಮೇಲೆ ಹೆಂಡತಿ ಹಳೆಯ ಷರತ್ತನ್ನು ತೆಗೆದುಹಾಕಿದಳು. "ಬಿದ್ರೆ ಅವತ್ತೇ ಹೇಳ್ಬೇಕು. ನಾನು ಬೈತೀನಿ, ಅದು ಬೇರೆ. ಆದ್ರೆ ಬೈದು ಮುಗಿಸಿ ಆಸ್ಪತ್ರೆಗೆ ಜೊತೆಗೆ ಬರ್ತೀನಿ."

ಒಡೆದ ಹೆಲ್ಮೆಟ್ಟನ್ನು ಇನ್ನೊಬ್ಬರು ಹಾಕಿಕೊಳ್ಳದಂತೆ ಕತ್ತರಿಸಿಬಿಡಿ ಎಂದು ಮೇಡಂ ಹೇಳಿದ್ದರು. ಅವಳು ಗಟ್ಟಿಯಾಗಿ ಹಿಡಿದುಕೊಂಡಳು, ಅವನು ಗರಗಸ ಎಳೆದ. ಈಗ ಅದರ ಅರ್ಧ ಹೋಳು ಮೈದಾನದ ಬಾಗಿಲಲ್ಲಿ ನೇತಾಡುತ್ತಿದೆ, ಒಳಗಿನ ಅಪ್ಪಚ್ಚಿಯಾದ ಪದರ ಎಲ್ಲರಿಗೂ ಕಾಣುವ ಹಾಗೆ. ಹೊಸದಾಗಿ ಕಲಿಯಲು ಬಂದವರು ಅದರಲ್ಲಿ ಬೆರಳಿಟ್ಟು, "ಅಯ್ಯೋ, ಯಾರದಿದು?" ಎಂದು ಕೇಳುತ್ತಾರೆ. ಪಕ್ಕದಲ್ಲೇ ನಿಂತು ಅವರ ಹೆಲ್ಮೆಟ್ಟುಗಳ ಒಳಪದರ ಬಿಚ್ಚಿ ನೋಡುವ ಕೆಲಸ ಈಗ ಫಿನಿಶಿಂಗ್ ಅಣ್ಣನದು. ಪ್ರತಿ ಸಲವೂ ಅವನ ಕಿವಿ ಬಿಸಿಯಾಗುತ್ತದೆ. ಪ್ರತಿ ಸಲವೂ ಅವನು "ನಂದು" ಎನ್ನುತ್ತಾನೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಯಾವ ವಯಸ್ಸಿನಲ್ಲಾದರೂ ಸರಿ, ಇಷ್ಟವಾದದ್ದನ್ನು ಕಲಿಯಿರಿ. ಕಲಿಸುವವರ ಕಣ್ಣೆದುರಿಗೆ ಕಲಿಯಿರಿ, ಒಬ್ಬರೇ ಸಾಹಸ ಮಾಡಬೇಡಿ. ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯವಿಲ್ಲದಿದ್ದರೂ ಡಾಕ್ಟರಿಗೆ ತೋರಿಸಿ. ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ರಿಪೇರಿ ಮಾಡಬೇಡಿ, ಮಾರಬೇಡಿ, ಯಾರಿಗೂ ಕೊಡಬೇಡಿ. ಇನ್ನು ಮನೆಯಲ್ಲಿ ಕಾಯುತ್ತಿರುವವರಿಗೆ ಒಂದು ಮಾತು: ನಿಮ್ಮವರು ಭಾನುವಾರ ಬಟ್ಟೆಗೆ ಮಣ್ಣು ಮೆತ್ತಿಕೊಂಡು ಬಂದಾಗ "ಬಿದ್ರಾ?" ಎಂದು ಕೇಳಿ. ಹೌದು ಎನ್ನುವ ಧೈರ್ಯ ಅವರಿಗೆ ಬರುವ ಹಾಗೆ ಕೇಳಿ.