ಭಟ್ಟಿಯಲ್ಲಿ ಕೂತ ಎಳನೀರು

ಐದನೆಯ ದಿನ ಬೆಳಿಗ್ಗೆ ನನ್ನ ಗಂಡ ಗಾಸ್ಪರನ ಜ್ವರ ಬಿಟ್ಟಿತು. ಮಲಗುವ ಬಲೆಯ ಜೋಲಿಯಲ್ಲಿ ಎದ್ದು ಕೂತವನೇ ಕೇಳಿದ:

"ಭಟ್ಟಿಗೆ ಸೌದೆ ಹಾಕಿದೀಯೇನೇ?"

"ಹಾಕಿದೀನಿ. ನೀನು ಮಲಕ್ಕೋ, ಮುದುಕಾ."

"ಜ್ವರ ಹೋಯ್ತಲ್ಲ, ಇನ್ನೇನು ಮಲಗೋದು?"

ಎದ್ದು ನಿಂತ. ಎರಡು ಹೆಜ್ಜೆ ಇಟ್ಟವನು ಗೋಡೆ ಹಿಡಿದುಕೊಂಡ. ನಾನು ಮತ್ತೆ ಜೋಲಿಗೆ ತಂದು ಹಾಕಿದೆ.

ತಿಸಿಮೀನ್ ಊರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಬ್ರೆಡ್ಡು ಸುಡುವವನು ಅವನು. ನಮ್ಮದು ಸೌದೆ ಉರಿಸುವ ಇಟ್ಟಿಗೆ ಭಟ್ಟಿ. ಒಮ್ಮೆ ತಣ್ಣಗಾದರೆ ಹದಕ್ಕೆ ಬರಲು ಎರಡು ದಿನ ಬೇಕು. ಅದಕ್ಕೇ ಅವನು ಮಲಗಿದಷ್ಟು ದಿನವೂ ನಾನೇ ಒಂದೆರಡು ತಟ್ಟೆ ಬನ್ನು ಸುಟ್ಟು ಬಿಸಿ ಉಳಿಸಿಕೊಂಡಿದ್ದೆ.

ಜ್ವರ ಬಿಟ್ಟಿದ್ದಕ್ಕೆ ಅವನು ಗೆದ್ದೆ ಎಂದುಕೊಂಡ. ನನಗೆ ಹೆದರಿಕೆ ಶುರುವಾದದ್ದೇ ಆಗ. ಹಿಂದಿನ ದಿನ ರಕ್ತ ಪರೀಕ್ಷೆಗೆ ಹೋದಾಗ ಕ್ಲಿನಿಕ್ಕಿನ ನರ್ಸ್ ನೆಲ್ಸಿ ನನ್ನನ್ನು ಪಕ್ಕಕ್ಕೆ ಕರೆದು, ಹಿರಿಯ ಹೆಂಗಸರನ್ನು ಕರೆಯುವಂತೆ ದೋನ್ಯಾ ಎಂದು ಗೌರವದಿಂದಲೇ ಹೇಳಿದ್ದಳು.

"ಡೆಂಗೀಲಿ ಜ್ವರ ಇದ್ದಾಗ ಅಲ್ಲ ದೋನ್ಯಾ ಲ್ಯಾಂಡಿ, ಬಿಟ್ಟ ಮೇಲೆ ಎರಡು ದಿನ ಹೆದರ್ಬೇಕು. ಪ್ಲೇಟ್‌ಲೆಟ್ ಎಂಬತ್ತು ಸಾವಿರಕ್ಕೆ ಇಳಿದಿದೆ. ಸ್ವಲ್ಪ ಸ್ವಲ್ಪಾನೇ ಕುಡಿಸ್ತಾ ಇರಿ. ಗಂಜಿ, ಸಾರು, ಎಳನೀರು, ಹಣ್ಣಿನ ರಸ, ಏನಾದ್ರೂ ಸರಿ. ಕೆಂಪು ಬಣ್ಣದ್ದು ಮಾತ್ರ ಬೇಡ. ವಾಂತಿ ಆದ್ರೆ ರಕ್ತವೋ ಸಾರೋ ಗೊತ್ತಾಗಲ್ಲ. ನಾಲ್ಕೈದು ಗಂಟೆಗೊಮ್ಮೆ ಮೂತ್ರ ಹೋಗ್ಲೇಬೇಕು. ಹೊಟ್ಟೆನೋವು, ಒಸಡಲ್ಲಿ ರಕ್ತ, ಏನು ಕಂಡ್ರೂ ಹೊತ್ಕೊಂಡಾದ್ರೂ ಇಲ್ಲಿಗೆ ಬನ್ನಿ."

ಹೇಳುವುದು ಸುಲಭ. ನನ್ನ ಗಂಡ ಭಟ್ಟಿಯವನು. ಭಟ್ಟಿಯವರ ಮೈ ಸದಾ ಬಿಸಿ, ಅದಕ್ಕೆ ತಂಪು ತಾಗಿದರೆ ನರ ಹಿಡಿದುಕೊಂಡು ಪ್ರಾಣ ಹೋಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಎಳನೀರು ತಂಪು, ಕಿತ್ತಳೆ ತಂಪು, ಪಪ್ಪಾಯಿಯೂ ತಂಪು. ಆತೋಲೆ ಎನ್ನುವ ಮೆಕ್ಕೆಜೋಳದ ಗಂಜಿ, ಸಾರು, ಇವೆರಡೇ ಬಿಸಿ, ಆದರೆ ಅವುಗಳ ವಾಸನೆಗೇ ಅವನಿಗೆ ವಾಕರಿಕೆ. ನಾಲ್ಕು ಗುಟುಕು ಕುಡಿದು ಬಾಯಿ ಮುಚ್ಚುತ್ತಿದ್ದ.

ಅವನಿಗೆ ಕಾವಲು ನನ್ನ ಅತ್ತೆ, ದೋನ್ಯಾ ಬಾರ್ತೋಲಾ. ವಯಸ್ಸು ಎಂಬತ್ತೊಂದು. ನಾನು ಎಳನೀರಿನ ಲೋಟ ತಂದಾಗಲೆಲ್ಲ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

"ನನ್ ಗಂಡ ಭಟ್ಟಿ ಮುಂದಿಂದ ಎದ್ದು ಹೋಗಿ ಬಾವಿ ನೀರು ಕುಡಿದ. ಮೂರನೇ ದಿನ ಮಣ್ಣು ಮಾಡಿ ಬಂದೆ. ಗಂಡನ್ನ ಕಳಕೊಂಡಿದ್ದು ಸಾಕು, ಮಗಳೇ. ಮಗನ್ನೂ ಕೊಡು ಅಂತೀಯಾ?"

ನರ್ಸ್ ಹೇಳಿದ್ದಾಳೆ ಎಂದರೆ, "ಆ ಹುಡುಗಿ ಎಷ್ಟು ಬ್ರೆಡ್ಡು ಸುಟ್ಟಿದ್ದಾಳೆ?" ಎನ್ನುತ್ತಿದ್ದರು.

ಅಂದು ಮಧ್ಯಾಹ್ನದ ಹೊತ್ತಿಗೆ ಗಾಸ್ಪರನ ತುಟಿ ಒಣಗಿ ಸಿಪ್ಪೆ ಎದ್ದಿತು. ಬೆಳಗಿನಿಂದ ಒಮ್ಮೆಯೂ ಬಚ್ಚಲಿಗೆ ಹೋಗಿರಲಿಲ್ಲ. ನಾನು ಹಿತ್ತಲಿನಲ್ಲಿ ನಿಂತು ಯೋಚಿಸಿದೆ. ಅಂಗಡಿಯಲ್ಲಿ ಕೂತು ದಿನಾ ನಲವತ್ತು ಜನಕ್ಕೆ ಬ್ರೆಡ್ಡು ಮಾರುವವಳಿಗೆ ಒಂದು ಗೊತ್ತಿರುತ್ತದೆ: ಗಿರಾಕಿಯನ್ನು ಸೋಲಿಸಿದರೆ ಸರಕು ಹೋಗುವುದಿಲ್ಲ. ಒಳಗೆ ಬಂದು ಅತ್ತೆಯ ಪಕ್ಕ ಕೂತೆ.

"ಅತ್ತೆ, ತಂಪು ಪದಾರ್ಥದ ತಂಪು ತೆಗೆಯೋದು ಹೇಗೆ? ನಿಮ್ಮಮ್ಮ ಸೂಲಗಿತ್ತಿ ಆಗಿದ್ರಂತಲ್ಲ. ಅವರಿಗೆ ಗೊತ್ತಿದ್ದಿರ್ಬೇಕು."

"ಗೊತ್ತಿದ್ದಿರ್ಬೇಕು ಅಂತಾಳೆ ನೋಡು!" ಮುದುಕಿ ಬೆನ್ನು ನೆಟ್ಟಗೆ ಮಾಡಿದರು. "ಬಾಣಂತೀರಿಗೆ ಕಿತ್ತಳೇನ ಕೆಂಡದಲ್ಲಿ ಸುಟ್ಟು ಹಿಂಡಿ ಕೊಡ್ತಿದ್ಲು ನಮ್ಮವ್ವ. ಬೆಂಕಿ ಕಂಡ ಮೇಲೆ ತಂಪು ಎಲ್ಲಿರುತ್ತೆ?"

"ಎಳನೀರಿಗೂ ಅದು ಆಗುತ್ತಾ?"

ಅವರು ನನ್ನ ಮುಖವನ್ನೇ ನೋಡಿದರು. ನನ್ನ ಉಪಾಯ ಅವರಿಗೆ ಗೊತ್ತಾಯಿತೋ ಏನೋ. ಕೋಲು ಊರಿಕೊಂಡು ಎದ್ದರು.

"ಕಾಯಿ ತಾ. ತಲೆ ಕೊಯ್ದು ತಾ, ಇಲ್ದಿದ್ರೆ ಸಿಡಿಯುತ್ತೆ. ಅಷ್ಟೂ ಗೊತ್ತಿಲ್ಲ ನಿಂಗೆ."

ಎರಡು ಎಳನೀರನ್ನು ಭಟ್ಟಿಯ ಬಾಯಿಯಲ್ಲಿ ಕೂರಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾದರು. ಬೆರಳಿಗೆ ಬೆಚ್ಚಗಾದ ಮೇಲೆ ತಾವೇ ಲೋಟಕ್ಕೆ ಬಗ್ಗಿಸಿ ಮಗನ ಬಾಯಿಗೆ ಹಿಡಿದರು.

"ಅಮ್ಮಾ, ಇದು ತಂಪಲ್ವಾ?"

"ಭಟ್ಟೀಲಿ ಕೂತು ಬಂದಿದೆ. ಈಗ ಅದೂ ನಿನ್ ಜಾತೀನೇ. ಕುಡಿ."

ಕುಡಿದ. ವಾಕರಿಕೆ ಬರಲಿಲ್ಲ. ಕಾಲು ಗಂಟೆ ಬಿಟ್ಟು ಸುಟ್ಟ ಕಿತ್ತಳೆಯ ರಸ, ಜೇನು ಹಾಕಿ. ಆಮೇಲೆ ಚಾಯಾ ಸೊಪ್ಪು, ಸೀಮೆಬದನೆ, ಒಂದು ಹಿಡಿ ಅಕ್ಕಿ ಹಾಕಿ ಕುದಿಸಿದ ಕೋಳಿಸಾರು. ನಮ್ಮ ಸಾರು ಅಚಿಯೋಟೆ ಬೀಜದಿಂದ ಕೆಂಪಗಿರುತ್ತದೆ, ಆವತ್ತು ಮಾತ್ರ ಬಿಳಿ. ಅವನು ಕುಡಿದ ಲೋಟಕ್ಕೊಂದರಂತೆ ಅತ್ತೆ ಜೋಳದ ಕಾಳನ್ನು ಬಟ್ಟಲಿಗೆ ಹಾಕುತ್ತಾ ಹೋದರು. ಏಳನೆಯ ಕಾಳಿಗೆ ಗಾಸ್ಪರ್ ನನ್ನ ಹೆಗಲು ಹಿಡಿದು ಬಚ್ಚಲಿಗೆ ಹೋದ. ನಾನು ಬಾಗಿಲಾಚೆ ನಿಂತು ಕೇಳಿಸಿಕೊಂಡೆ. ಅಷ್ಟು ಹಿತವಾದ ಸದ್ದು ನನ್ನ ಜೀವಮಾನದಲ್ಲಿ ಕೇಳಿರಲಿಲ್ಲ.

"ಹೋಯ್ತಾ?" ಎಂದು ಒಳಗಿಂದ ಅತ್ತೆ ಕೂಗಿದರು.

"ಹೋಯ್ತು!"

"ಬೀದಿಗೆಲ್ಲ ಕೇಳ್ಸಿ, ಇಬ್ರೂ!" ಎಂದ ನನ್ನ ಗಂಡ. ಬೈಯುವಷ್ಟು ಶಕ್ತಿ ಬಂದಿತ್ತು.

ಮಾರನೆಯ ದಿನ ಬಟ್ಟಲಿನಲ್ಲಿ ಹದಿನೆಂಟು ಕಾಳು. ಅದರ ಮರುದಿನ ಅವನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅತ್ತೆ ಹಬ್ಬಕ್ಕೆ ಉಡುವ ಕಸೂತಿಯ ಬಿಳಿ ಇಪಿಲ್ ನಿಲುವಂಗಿ ತೊಟ್ಟು ಮುಂದೆ ಮುಂದೆ ನಡೆದರು. ಪ್ಲೇಟ್‌ಲೆಟ್ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಏರಿತ್ತು.

"ಗಂಡಾಂತರ ಕಳೀತು," ಎಂದಳು ನೆಲ್ಸಿ. "ಚೆನ್ನಾಗಿ ನೋಡ್ಕೊಂಡಿದೀರ ದೋನ್ಯಾ ಲ್ಯಾಂಡಿ. ಏನೇನು ಕೊಟ್ರಿ?"

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಕೋಲು ಕುಟ್ಟಿದರು.

"ಅವಳನ್ನೇನು ಕೇಳ್ತೀ? ನನ್ನ ಕೇಳು."

ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು: ಕಾಯಿಯ ತಲೆ ಕೊಯ್ಯುವುದು, ಬೆರಳಿಟ್ಟು ನೋಡುವುದು, ಕಾಳಿನ ಬಟ್ಟಲು, ಎಲ್ಲ. ಯಾರ ಕೈಯಿಂದ ಕುಡಿದರೇನು, ಕುಡಿದನಲ್ಲ! ಆ ಗುಂಪಿನ ನಡುವೆ ಬೆಳ್ಳಗೆ ನಿಂತ ಅತ್ತೆಯನ್ನು ನೋಡಿ, ಇವರು ನಮ್ಮ ಮನೆಯವರು ಎಂದು ಕೂಗಿ ಹೇಳಬೇಕೆನಿಸಿತು.

ಜ್ವರದ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದ ಹೆಂಗಸೊಬ್ಬಳು ಕೇಳಿದಳು: "ನಮ್ಮನೇಲಿ ಭಟ್ಟಿ ಇಲ್ವಲ್ಲ ದೋನ್ಯಾ?"

"ನಮ್ದಿದೆಯಲ್ಲ. ತಂದಿಡಿ."

"ಅಮ್ಮಾ, ಅದು ಬ್ರೆಡ್ಡಿನ ಭಟ್ಟಿ," ಎಂದ ಗಾಸ್ಪರ್.

"ನೀನು ಸುಮ್ನಿರು. ಎರಡು ದಿನದ ಹಿಂದೆ ನೆಟ್ಟಗೆ ನಿಲ್ಲೋಕೂ ಆಗ್ತಿರ್ಲಿಲ್ಲ."

ಆ ವಾರವೆಲ್ಲ ಬೆಳಿಗ್ಗೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಎಳನೀರಿನ ಸಾಲು. ಮೊಳೆಯಿಂದ ಸಿಪ್ಪೆಯ ಮೇಲೆ ಹೆಸರು ಗೀಚಿರುತ್ತಿದ್ದರು. ಅತ್ತೆ ಕುರ್ಚಿಯಲ್ಲಿ ಕೂತು ಅವನ್ನು ತಿರುಗಿಸುತ್ತಿದ್ದರು. ಗಾಸ್ಪರನಿಗೆ ಇನ್ನೂ ಬ್ರೆಡ್ಡಿನ ಹಲಗೆ ಎತ್ತುವ ಶಕ್ತಿ ಇರಲಿಲ್ಲ, ಮೊಣಕಾಲ ಮೇಲೆ ಸಾರಿನ ಬಟ್ಟಲಿಟ್ಟುಕೊಂಡು ಬಾಗಿಲಲ್ಲಿ ಕೂರುತ್ತಿದ್ದ. ಬೆಳಗಿನ ಗಿರಾಕಿ ಬಂದು, "ಬ್ರೆಡ್ಡೆಲ್ಲಿ ಗಾಸ್ಪರ್?" ಎಂದರೆ ತಲೆ ಎತ್ತದೆ ಹೇಳುತ್ತಿದ್ದ:

"ತಡ ಆಗುತ್ತೆ. ಮೊದ್ಲು ಕಾಯ್ಲೆಯೋರ್ದು."