ಮಾಳವ್ವನ ಪಾಳಿ

ಮಾಳವ್ವ ಬಾಯಿ ತೆರೆಯುವಷ್ಟರಲ್ಲಿ ಸರದಾರ ಗಜಸಿಂಹ ಮತ್ತೆ ಮಾತಿಗೆ ಶುರುವಿಟ್ಟುಕೊಂಡ. ಕೋಟೆಯ ಐದನೇ ಸುತ್ತಿನಲ್ಲಿ ವೈರಿಗಳ ಗೂಢಚಾರನೊಬ್ಬ ಸಿಕ್ಕಿಬಿದ್ದಿದ್ದ. ಅವನನ್ನು ಕೊಲ್ಲಬೇಕೋ ಬಿಡಬೇಕೋ ಎಂದು ತೀರ್ಮಾನಿಸುವ ಪಾಳಿ ಮಾಳವ್ವನದು. ಆದರೆ ಗಜಸಿಂಹ ಎದ್ದು ನಿಂತು, ಹೆಗಲ ಮೇಲಿನ ಟವೆಲ್ಲನ್ನು ಕತ್ತಿಯಂತೆ ಝಳಪಿಸಿ, ತನ್ನ ವಂಶದ ಏಳು ತಲೆಮಾರಿನ ಪರಾಕ್ರಮ ಹೇಳತೊಡಗಿದ. ನಾಲ್ಕನೇ ತಲೆಮಾರಿಗೆ ಬರುವ ಹೊತ್ತಿಗೆ ಎಲ್ಲರ ಚಹಾ ಆರಿಹೋಗಿತ್ತು. ಏಳನೆಯದು ಮುಗಿಯುವ ಹೊತ್ತಿಗೆ ಪುಣ್ಯಾತ್ಮ ಆ ಗೂಢಚಾರನನ್ನು ತಾನೇ ಕ್ಷಮಿಸಿ, ಕಾಲಿಗೆ ಬೀಳಿಸಿಕೊಂಡು, ಅವನ ತಂಗಿಯನ್ನು ಮದುವೆಯಾಗುವ ಮಾತನ್ನೂ ಆಡಿಬಿಟ್ಟಿದ್ದ.

ಕೋಟೆ ಇದ್ದದ್ದು ಒಂದು ಕಾಗದದ ಮೇಲೆ. ಕಾಗದ ಇದ್ದದ್ದು ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ, ವಿರುಪಣ್ಣನ ಮಗ್ಗದ ಮನೆಯ ದೊಡ್ಡ ಮೇಜಿನ ಮೇಲೆ. ಭಾನುವಾರ ಮಗ್ಗಗಳಿಗೆ ರಜೆ, ಆದ್ದರಿಂದ ಮಧ್ಯಾಹ್ನ ಮೂರರಿಂದ ಆರರವರೆಗೆ ಅಲ್ಲಿ ಲಲಿತಾಳ ಆಟ. ಆಕೆ ಹಿಟ್ನಾಳದ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಹುಡುಗಿ. ಧಾರವಾಡದಲ್ಲಿ ಓದುವಾಗ ಹಾಸ್ಟೆಲ್ಲಿನ ಗೆಳತಿಯರಿಂದ ಈ ಆಟ ಕಲಿತು ಬಂದವಳು. ಆಟ ಕಷ್ಟದ್ದೇನಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವಾಗಿ, ತಮ್ಮ ಪಾಳಿ ಬಂದಾಗ ಏನು ಮಾಡುತ್ತೇವೆಂದು ಹೇಳುತ್ತಾರೆ. ಹೇಳಿದ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ದೊಡ್ಡ ಅಂಕಿ ಬಿದ್ದರೆ ಗೆಲುವು, ಸಣ್ಣದು ಬಿದ್ದರೆ ಫಜೀತಿ. ಏಳು ಸುತ್ತಿನ ಕೋಟೆ, ಅದನ್ನು ಮುತ್ತಿದ ವೈರಿ ದಂಡು, ಒಳಗೆ ಸಿಕ್ಕಿಕೊಂಡ ಮುನ್ನೂರು ಜನ, ಎಲ್ಲವನ್ನೂ ಲಲಿತಾ ತಾನೇ ಹುಟ್ಟಿಸಿದ್ದಳು. ನಿಜದ ಊರಿನ ಮೇಲೂ ಆಕೆಗೆ ಅಷ್ಟು ಜೀವ ಇರಲಿಲ್ಲ ಎಂದರೆ ಸುಳ್ಳಲ್ಲ.

ಆಡುವವರು ಮೂವರೇ. ಗಜಸಿಂಹನಾಗಿದ್ದವನು ಅರವತ್ತು ದಾಟಿದ ವಿರುಪಣ್ಣ. ಹರೆಯದಿಂದ ಬಯಲಾಟಗಳಲ್ಲಿ ರಾಜನ ಪಾತ್ರ ಬಿಟ್ಟು ಬೇರೆ ಕಟ್ಟಿದವನಲ್ಲ. ಕೋಟೆಯ ಕಳ್ಳನಾಗಿದ್ದವನು ಕುಷ್ಟಗಿಯಿಂದ ಬೈಕಿನ ಮೇಲೆ ಬರುವ ಗಣಿತದ ಮೇಷ್ಟ್ರು ಗೌರೀಶ. ಅವನಿಗೆ ಆಟಕ್ಕಿಂತ ಆಟದ ನಿಯಮಗಳೇ ರುಚಿ. ಕುರಿ ಕಾಯುವ ಮಾಳವ್ವನಾಗಿದ್ದವಳು ಅಂಗನವಾಡಿಯ ಶಾಂತಕ್ಕ. ಆವತ್ತು ಆಟ ಮುಗಿದದ್ದೇ ಶಾಂತಕ್ಕ ಚೀಲ ಹೆಗಲಿಗೇರಿಸಿ ಲಲಿತಾಳನ್ನು ಬಾಗಿಲಾಚೆ ಕರೆದಳು.

"ಲಲಿತಾ, ಇನ್ನ ಒಂದ್ ಐತಾರ ಬರ್ತೀನಿ, ನಿನ್ನ ಮಾರಿ ನೋಡಿ. ಆವತ್ತೂ ಹಿಂಗ ಆತಂದ್ರ ನಾ ಬರಂಗಿಲ್ಲ ನೋಡು."

"ಅಕ್ಕಾರ, ಅವರು ಹಿರ್ಯಾರು, ಸ್ವಲ್ಪ..."

"ಹಿರ್ಯಾರು ಅದಾರ, ಇರ್ಲಿ. ನಾ ಮಾತಾಡೂಕಿಂತ ಮದ್ಲ ಸ್ವಲ್ಪ ವಿಚಾರ ಮಾಡ್ತೀನಿ. ವಿಚಾರ ಮಾಡೂದ್ರಾಗ ನನ್ನ ಪಾಳಿ ಆ ಮನಶ್ಯಾನ ಬಾಯಾಗ ಹೋಗಿರ್ತೈತಿ. ನಾ ಏನು ದಡ್ಡಿ ಅದೀನೇನು?" ಎಂದ ಶಾಂತಕ್ಕನ ಕಣ್ಣಲ್ಲಿ ನೀರಾಡಿತು.

ಶಾಂತಕ್ಕ ಬರದಿದ್ದರೆ ಆಟವೇ ಇಲ್ಲ. ಮದುವೆ ವಯಸ್ಸಿಗೆ ಬಂದ ಮಗಳನ್ನು ಗಂಡಸರ ನಡುವೆ ದಾಳ ಉರುಳಿಸಲು ಕಳಿಸುವ ತಾಯಿಯಲ್ಲ ಲಲಿತಾಳ ತಾಯಿ ಕಳಕಮ್ಮ. "ಶಾಂತಕ್ಕ ಇರ್ತಾಳಂದ್ರ ಹೋಗು" ಎಂಬ ಒಂದೇ ಮಾತಿನ ಮೇಲೆ ಇಷ್ಟು ದಿನ ನಡೆದಿತ್ತು. ವಿರುಪಣ್ಣನಿಗೆ ಬರಬೇಡಿರೆಂದು ಹೇಳೋಣವೆಂದರೆ ಜಾಗವೇ ಅವನದು. ಬೇರೆಯವರನ್ನು ಹುಡುಕೋಣವೆಂದರೆ, ಕೊಪ್ಪಳದಲ್ಲಿ ಈ ಆಟಕ್ಕೆ ಈ ಮೂವರನ್ನು ಕೂಡಿಸಲಿಕ್ಕೇ ಅವಳಿಗೆ ಒಂದು ವರ್ಷ ಹಿಡಿದಿತ್ತು.

ಹಾಗೆಂದು ಆಕೆ ಇಷ್ಟು ದಿನ ಸುಮ್ಮನೆ ಕೂತಿರಲಿಲ್ಲ. ಗಜಸಿಂಹನ ಸದ್ದಡಗಿಸಲು ಕಥೆಯೊಳಗೇ ಏನೇನೋ ಹೂಡಿದ್ದಳು. ಅವನ ಕುದುರೆಯನ್ನು ಕೊಂದಳು. ಸತ್ತ ಕುದುರೆಗಾಗಿ ಅವನು ಇಪ್ಪತ್ತು ನಿಮಿಷ ಶೋಕಗೀತೆ ಹಾಡಿದ. ಹಾಳು ಬಾವಿಯೊಳಗೆ ಕೆಡವಿದಳು. ಬಾವಿಯೊಳಗಿಂದ ಇನ್ನೂ ಜೋರಾಗಿ ಹಾಡಿದ. ಬಾವಿ ಎಷ್ಟು ಆಳವಿದ್ದರೆ ದನಿ ಎಷ್ಟು ದೂರ ಕೇಳುತ್ತದೆಂದು ಗೌರೀಶ ಲೆಕ್ಕ ಹಾಕಲು ಕೂತ. ಆ ಸಂಜೆಯೆಲ್ಲ ಶಾಂತಕ್ಕ ಮಾತಾಡಿದ್ದು ಎರಡೇ ಸಲ, ಅದೂ ಚಹಾಕ್ಕೆ ಸಕ್ಕರೆ ಕೇಳಲು.

ಕಥೆಯೊಳಗೆ ಆಗದ್ದನ್ನು ಹೊರಗೆ ಮಾಡಲೇಬೇಕಿತ್ತು. ಬುಧವಾರ ಹಿಟ್ನಾಳದಿಂದ ಬರುವಾಗ ಲಲಿತಾ ಮನೆಗೆ ಹೋಗದೆ ನೇರ ಮಗ್ಗದ ಮನೆಗೆ ಹೋದಳು. ದಾರಿಯುದ್ದಕ್ಕೂ ಮೆತ್ತನೆಯ ಮಾತುಗಳನ್ನು ಜೋಡಿಸಿಕೊಂಡಿದ್ದಳು. ವಿರುಪಣ್ಣ ಎಳೆ ಕಡಿದ ನೂಲಿಗೆ ಗಂಟು ಹಾಕುತ್ತ ಕೂತಿದ್ದ. ಅವನನ್ನು ಕಂಡದ್ದೇ ಜೋಡಿಸಿದ್ದೆಲ್ಲ ಗಾಳಿಗೆ ಹೋಗಿ, ಇದ್ದದ್ದು ಇದ್ದ ಹಾಗೆ ಬಾಯಿಂದ ಹೊರಬಿತ್ತು.

"ಕಾಕಾ, ಶಾಂತಕ್ಕಾರ ಪಾಳಿ ಬಂದಾಗೆಲ್ಲಾ ನೀವ ಮಾತಾಡ್ತೀರಿ. ಅವರಿಗೆ ಭಾಳ ಬ್ಯಾಸರಾಗೇತ್ರಿ. ಬಿಟ್ಟು ಹೋಗ್ತೀನಿ ಅಂತಾರ."

ವಿರುಪಣ್ಣನ ಕೈಯಲ್ಲಿನ ಎಳೆ ಜಾರಿತು. "ಬ್ಯಾಸರಾ? ನಾ ಆಕೀ ಮರ್ಯಾದಿ ಉಳಸಿದ್ನಲ್ಲವಾ!"

"ಏನ್ ಉಳಸಿದ್ರಿ?"

"ಆಕಿ ಮಾತು ಮರತು ನಿಂತಿದ್ಲಲ್ಲ! ಒಂದ್ ಸಲ ಅಲ್ಲ, ಪ್ರತೀ ಐತಾರ ಮರೀತಾಳ. ಬಯಲಾಟದ ಅಟ್ಟದ ಮ್ಯಾಲ ನಿನ್ನ ಎದುರಿನಾಂವ ಮಾತು ಮರತು ನಿಂತ್ರ ಏನ್ ಮಾಡಬೇಕು ಹೇಳು? ಮಂದಿ ನಗೂದ್ರಾಗ, ಸೀಟಿ ಹೊಡಿಯೂದ್ರಾಗ, ಗಪ್ಪನ ನೀನು ಮಾತು ಹಿಡೀಬೇಕು. ಅಂವಾ ಮರತಾನ ಅಂತ ಯಾರಿಗೂ ಗೊತ್ತಾಗಬಾರ್ದು. ನಮ್ಮ ಆಟದ ಮಾಸ್ತರು ನನಗ ಬಾರಕೋಲ ಹಿಡದು ಕಲಿಸಿದ್ದು ಇದನ್ನವಾ. ಆ ಹೆಣ್ಮಗಳಿಗಿ ಮಾತ ನೆನಪ ಉಳಿಯಂಗಿಲ್ಲಲ್ಲ ಅಂತ ನನಗ ಕೆಟ್ಟನಿಸ್ತಿತ್ತು. ಪಾಪ ಅಂತ ನಾನ..."

ಲಲಿತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗು ಬಂತು, ಅಳುವೂ ಬಂತು. ಆರು ತಿಂಗಳಿಂದ ಈ ಮನುಷ್ಯ ತಲೆ ತಿನ್ನುತ್ತಿದ್ದಾನೆಂದು ಅವಳು ಹಲ್ಲು ಕಡಿದಿದ್ದಳು. ಅವನೋ, ಆರು ತಿಂಗಳಿಂದ ಉಪಕಾರ ಮಾಡುತ್ತಿದ್ದ! ಬರೆದಿಟ್ಟ ಮಾತೇ ಇಲ್ಲದ ಆಟವೆಂದು ಅವಳು ಮೊದಲ ದಿನ ಹೇಳಿದ್ದಳು ನಿಜ. ಆದರೆ ನಲವತ್ತು ವರ್ಷ ಅಟ್ಟದ ಮೇಲೆ ನಿಂತವನ ಕಿವಿಗೆ ಅದು ಇಳಿದಿರಲಿಲ್ಲ.

"ಕಾಕಾ, ಅವರು ಮರೀತಿದ್ದಿಲ್ಲರಿ. ವಿಚಾರ ಮಾಡ್ತಿದ್ರು."

ವಿರುಪಣ್ಣ ನೂಲು ಬದಿಗೆ ಸರಿಸಿದ. ಮುಖ ಸಣ್ಣದಾಗಿತ್ತು. "ಹಂಗಾರ ನಾನು ಆಕಿ ಬಾಯಿ ಮ್ಯಾಲ ಕೈ ಇಟ್ಟಂಗಾತು," ಎಂದ. "ನಡಿ, ಈಗ ಹೋಗಿ ತಪ್ಪಾತಂತ ಹೇಳಿಬರ್ತೀನಿ."

ಹೇಳಲು ಹೊರಟರೆ ಅದಕ್ಕೂ ಒಂದು ತಾಸು ತಗೊಳ್ಳುತ್ತಾನೆಂದು ಲಲಿತಾಳಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ಅವಳಿಗೆ ಬೇರೊಂದು ಹೊಳೆಯಿತು. "ಕಾಕಾ, ಬಯಲಾಟದಾಗ ಸಾರಥಿ ಇರ್ತಾನಲ್ರಿ? ಹೊಸಾ ಪಾತ್ರ ಬಂದ್ರ ಯಾರು, ಯಾಕ ಬಂದ್ರಿ ಅಂತ ಕೇಳಾಂವ? ಬರೋ ಐತಾರ ಬ್ಯಾರೇವ್ರ ಪಾಳಿ ಬಂದಾಗ ನೀವು ಸಾರಥಿ. ಒಂದ ಪ್ರಶ್ನಿ ಕೇಳ್ರಿ."

"ಕೇಳಿದ ಮ್ಯಾಲ?"

"ಬಾಯಿ ಮುಚ್ಚಿ ಕೂಡೂದು."

"ಉತ್ತರ ಬರಲಿಲ್ಲಂದ್ರ?"

"ಬರೂತನಾ ಕೂಡೂದು."

"ಇದು ರಾಜನ ಪಾತ್ರಕ್ಕಿಂತ ವಜ್ಜಿ ಐತಲ್ಲವಾ!" ಎಂದ ವಿರುಪಣ್ಣ. ಆದರೂ ಒಪ್ಪಿದ.

ಭಾನುವಾರ ಬಂತು. ಎಲ್ಲರೂ ಕೂತ ಮೇಲೆ ಲಲಿತಾ ಶುರುಮಾಡಿದಳು. "ಆರು ಸುತ್ತು ಬಿದ್ದಾವ. ಏಳನೇ ಬಾಗ್ಲಾ ಒಂದ ಉಳದೈತಿ. ಮುನ್ನೂರು ಮಂದಿ, ಕುರಿ, ಕೂಸು, ಎಲ್ಲಾರೂ ಅದರ ಹಿಂದ ಅದಾರ!"

ಗೌರೀಶನ ಕಳ್ಳ ಗೋಡೆಯ ಮೇಲಿಂದ ಕುದಿವ ಎಣ್ಣೆ ಸುರಿಯಲು ಹೋಗಿ ದಾಳ ಎಸೆದ. ಹತ್ತೊಂಬತ್ತು! ಏಣಿ ಸಮೇತ ವೈರಿಗಳು ಉರುಳಿದರು. ಗೌರೀಶ ಒಂದೂ ನಿಯಮ ಹೇಳದೆ ಕುರ್ಚಿ ಬಿಟ್ಟು ಎದ್ದು ಕೂಗಿದ. ಗಜಸಿಂಹ ಕಂದಕದ ಸೇತುವೆಯ ಮೇಲೆ ಒಬ್ಬನೇ ನಿಂತು ಇಡೀ ದಂಡನ್ನು ತಡೆದ. ಹದಿನಾರು, ಹದಿನೇಳು, ಮತ್ತೆ ಹದಿನೇಳು. ಮೇಜು ಗುದ್ದಿದ ಗುದ್ದಿಗೆ ಚಹಾ ಲೋಟಗಳು ಕುಣಿದವು. ನಾಲ್ಕನೇ ಸಲ ಎರಡು ಬಿತ್ತು. ತೊಡೆಗೆ ಈಟಿ ನಾಟಿ ಗಜಸಿಂಹ ಬಾಗಿಲ ಮುಂದೆಯೇ ಕುಸಿದ. ಹಿಂದೆಯೇ ದಂಡು ನುಗ್ಗಿ ಬರುತ್ತಿತ್ತು.

"ಬಾಗ್ಲಾ ತೆಗಿಯೂ ರಾಟಿ ಮಾಳವ್ವನ ಕೈಯಾಗೈತಿ," ಎಂದಳು ಲಲಿತಾ. "ತೆಗದ್ರ ಸರದಾರ ಒಳಗ ಬರ್ತಾನ, ಅವನ ಹಿಂದ ವೈರಿನೂ ಬರ್ತಾನ. ತೆಗೀದಿದ್ರ ಸರದಾರ ಅಲ್ಲೇ. ಅಕ್ಕಾರ, ನಿಮ್ಮ ಪಾಳಿ."

ವಿರುಪಣ್ಣ ಗಂಟಲು ಸರಿಮಾಡಿಕೊಂಡ. ಶಾಂತಕ್ಕನ ಮುಖ ಗಟ್ಟಿಯಾಯಿತು, ಕೈ ಆಗಲೇ ಚೀಲದ ಕಡೆ ಹೋಗಿತ್ತು. ಆದರೆ ಅವನು ಎದ್ದು, ಕೈಮುಗಿದು, ಸಾರಥಿಯ ರಾಗದಲ್ಲಿ ಕೇಳಿದ: "ತಾವು ಧಾರು? ತಮ್ಮ ನಾಮಾಂಕಿತವೇನು? ಈ ಬಾಗಿಲಲ್ಲಿ ನಿಂತು ಮಾಡುವ ಕಾರ್ಯವೇನು?" ಕೇಳಿ ಕೂತುಬಿಟ್ಟ.

ಶಾಂತಕ್ಕ ತಬ್ಬಿಬ್ಬಾದಳು. ಲಲಿತಾಳತ್ತ ನೋಡಿದಳು, ಮೇಜಿನ ಮೇಲಿನ ಕೋಟೆಯತ್ತ ನೋಡಿದಳು. ಯೋಚನೆಗಿಳಿದಳು.

ಒಂದು ನಿಮಿಷವಾಯಿತು. ವಿರುಪಣ್ಣನ ಬಾಯಿ ತೆರೆಯಿತು, ಮುಚ್ಚಿತು. ಎರಡನೇ ನಿಮಿಷಕ್ಕೆ ಟವೆಲ್ಲಿನ ಚುಂಗು ಬಾಯಲ್ಲಿ ಕಚ್ಚಿಕೊಂಡ. ಹಣೆಯ ಮೇಲೆ ಬೆವರು ಸಾಲಾಗಿ ನಿಂತಿತು. ನಿಯಮ ಹೇಳಲು ಬಾಯಿ ತೆರೆದ ಗೌರೀಶನ ಕಾಲನ್ನು ಮೇಜಿನ ಕೆಳಗೆ ಲಲಿತಾ ತುಳಿದಳು. ಬರಲಿ, ದೇವರೇ, ಮಾತು ಬರಲಿ ಎಂದು ಆಕೆ ಒಳಗೊಳಗೇ ಹುಲಿಗೆಮ್ಮನಿಗೆ ಹರಕೆ ಹೊತ್ತಳು.

"ನಾ ಮಾಳವ್ವ," ಎಂದಳು ಶಾಂತಕ್ಕ ಕಡೆಗೆ, ಸಣ್ಣ ದನಿಯಲ್ಲಿ. "ಕುರಿ ಕಾಯಾಕಿ. ತ್ವಾಳ ಬೆನ್ನ ಹತ್ತಿದಾಗ ಒಂದ್ ಟಗರಿಗೋಸ್ಕರ ಕುರಿ ದಡ್ಡಿ ಬಾಗ್ಲಾ ತೆಗದು ಇಟ್ಟಾಕಿ ಅಲ್ಲ." ದನಿ ಏರಿತು. "ಈ ಬಾಗ್ಲದ ಹಿಂದ ಮುನ್ನೂರು ಮಂದಿ ಅದಾರ. ಸರದಾರ್ರ, ನಿಮ್ಮಂಥಾ ಶೂರನ್ನ ನಾ ನೋಡಿಲ್ಲ. ಆದ್ರ ಬಾಗ್ಲಾ ತೆಗಿಯಂಗಿಲ್ಲ! ರಾಟಿ ಮುರೀತೀನಿ! ಇನ್ನ ಯಾರೂ ತೆಗಿಯಾಕ ಬರಬಾರ್ದು!"

ಇಂಥ ಮಾತನ್ನು ಲಲಿತಾ ಶಾಂತಕ್ಕನ ಬಾಯಿಂದ ನಿರೀಕ್ಷಿಸಿರಲಿಲ್ಲ.

"ನಿಯಮದ ಪ್ರಕಾರ," ಎಂದ ಗೌರೀಶ ತಡೆಯಲಾರದೆ, "ಜೀವ ಉಳಸ್ಕೊಳ್ಳಾಕ ಗಜಸಿಂಹಗ ಒಂದ್ ದಾಳ ಐತ್ರಿ. ಹದಿನೆಂಟು ಬೀಳಬೇಕು."

ವಿರುಪಣ್ಣ ದಾಳ ಎಸೆದ. ಅದು ಮೇಜಿನ ಅಂಚಿನವರೆಗೆ ಉರುಳಿ ಹೋಗಿ ನಿಂತಿತು. ಮೂರು.

ಈಗ ಲಲಿತಾಳಿಗೆ ನಿಜವಾದ ಭಯ. ನಲವತ್ತು ವರ್ಷದಲ್ಲಿ ವಿರುಪಣ್ಣನ ರಾಜ ಒಮ್ಮೆಯೂ ಸತ್ತಿರಲಿಲ್ಲ, ಪ್ರತಿ ಆಟದಲ್ಲೂ ಗೆದ್ದು ಮಂಗಳಾರತಿ ಮಾಡಿಸಿಕೊಂಡೇ ಇಳಿದವನು. ಆಟ ಸಾಕು, ನನ್ನ ಮನೆಯಿಂದ ನಡೀರಿ ಎಂದರೆ? ಅವನು ಎದ್ದ. ಯಾರ ಮುಖವನ್ನೂ ನೋಡದೆ ನಡೆದು ಹೊಸ್ತಿಲು ದಾಟಿ ಹೊರಗೆ ನಿಂತು, ಬಾಗಿಲನ್ನು ಹೊರಗಿನಿಂದ ಎಳೆದುಕೊಂಡ. ಮುಗಿಯಿತು ಎಂದುಕೊಂಡಳು ಲಲಿತಾ.

ಬಾಗಿಲಾಚೆಯಿಂದ ದನಿ ಬಂತು, ಹಾಡಿಲ್ಲದೆ, ರಾಗವಿಲ್ಲದೆ. "ಮಾಳವ್ವಾ, ಅಗಳಿ ಭದ್ರ ಐತೇನು?"

ಶಾಂತಕ್ಕ ಕುರ್ಚಿಯಿಂದ ಎದ್ದು ಓಡಿ ಬಾಗಿಲಿಗೆ ಎರಡೂ ಅಂಗೈ ಒತ್ತಿದಳು. "ಭದ್ರ ಐತ್ರಿ, ಸರದಾರ್ರ!"

"ಹಂಗಾರ ನಾ ಬೀಳ್ತೀನಿ."

ಅಷ್ಟೇ. ಏಳು ತಲೆಮಾರು ಇಲ್ಲ, ಶೋಕಗೀತೆ ಇಲ್ಲ. ಹೊರಗೆ ಯಾರೋ ಮೆಟ್ಟಿಲ ಮೇಲೆ ದೊಪ್ಪನೆ ಕೂತ ಸದ್ದು. ಗೌರೀಶ ಕನ್ನಡಕ ತೆಗೆದು ಒರೆಸಿಕೊಂಡ. ಲಲಿತಾ ಮೆಲ್ಲಗೆ ಕಥೆ ಮುಂದುವರಿಸಿದಳು: ಬಾಗಿಲು ಜಗ್ಗಲಿಲ್ಲ, ಸಂಜೆಯಾಯಿತು, ವೈರಿ ದಂಡು ಬೇಸತ್ತು ಬಿಡಾರಕ್ಕೆ ಹಿಂದಿರುಗಿತು. ಮುನ್ನೂರು ಜನ ಉಳಿದರು.

ಶಾಂತಕ್ಕ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಒಂದು ಕ್ಷಣವೂ ಯೋಚಿಸದೆ, ಯಾರ ಪಾಳಿ ಎಂದೂ ಕೇಳದೆ, ಬಾಗಿಲನ್ನು ಧಡಾರನೆ ತೆರೆದಳು.

"ಲಲಿತಾ, ದಾಳ ಕೊಡವಾ! ಮಾಳವ್ವ ಗ್ವಾಡಿ ಮ್ಯಾಲಿಂದ ಹಗ್ಗಾ ಬಿಟ್ಟು ಹೊರಗ ಇಳೀತಾಳ. ಸತ್ರೂ ಅಂವಾ ನಮ್ಮ ಸರದಾರ, ಬಯಲಾಗ ಬಿಟ್ಟು ನಾ ಮಲಗಾಕಿ ಅಲ್ಲ, ಹೊತ್ಕೊಂಡು ಬರ್ತೀನಿ. ಎಷ್ಟು ಬೀಳಬೇಕು?"

"ಹದಿನಾಕು," ಎಂದಳು ಲಲಿತಾ.

ವಿರುಪಣ್ಣ ಮೆಟ್ಟಿಲ ಮೇಲಿಂದ ತಿರುಗಿ ನೋಡಿದ. ಕಣ್ಣು ಕೆಂಪಾಗಿದ್ದವು. ಏನೋ ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡು, ಸ್ವಲ್ಪ ಸರಿದು, ದಾಳ ಉರುಳಲು ಹೊಸ್ತಿಲ ಮೇಲೆ ಜಾಗ ಮಾಡಿಕೊಟ್ಟ.