ತೆಗೆದಿಟ್ಟ ಪುಸ್ತಕಗಳು

ಕಾಲೇಜಿನ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುವ ಕೆಲಸ ನನ್ನದು. ಇನ್ನು ಮೇಲೆ ಓದುವುದೆಲ್ಲ ಕಂಪ್ಯೂಟರಿನಲ್ಲೇ, ಕಪಾಟು ಖಾಲಿಯಾಗಬೇಕು ಎಂದು ಮೇಲಿನಿಂದ ಆದೇಶ ಬಂತು. ಗ್ರಂಥಪಾಲಕರು ನನ್ನನ್ನು ಕರೆದರು.

"ಅಮ್ಮಾ, ಇಂಗ್ಲಿಷಿನವೆಲ್ಲ ಕಂಪ್ಯೂಟರಲ್ಲಿ ಸಿಗ್ತವೆ, ಹೋದ್ರೆ ಹೋಗ್ಲಿ. ನಮ್ಮ ಭಾಷೆಯವು ಅದ್ರಲ್ಲಿ ಒಂದೂ ಇಲ್ಲ. ಅವನ್ನ ತೆಗೆದಿಡಿ."

ತೆಗೆದಿಟ್ಟೆ. ನಾಲ್ಕು ದಿನ ಒಂದೊಂದನ್ನೇ ಒರೆಸಿ, ಬೆನ್ನು ಬಿಟ್ಟವಕ್ಕೆ ಅಂಟು ಹಚ್ಚಿ, ಬಾಗಿಲ ಪಕ್ಕದ ಗೋಡೆಗೆ ಒರಗಿಸಿ ಜೋಡಿಸಿದೆ. ಅದರಲ್ಲಿ ಶರೀರಶಾಸ್ತ್ರದ್ದು ಆರು ಪ್ರತಿ. ಮತ್ತೆ ಅಚ್ಚಾಗದ ಪುಸ್ತಕ, ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

ನನ್ನ ತಂಗಿಯ ಮಗಳು ಅಲ್ಲೇ ನರ್ಸಿಂಗ್ ಓದುತ್ತಿದ್ದಳು. ಆ ಒಂದು ವಿಷಯದಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೆಯದೇ ಕಡೆಯ ಅವಕಾಶ, ಅದೂ ಹೋದರೆ ಕಾಲೇಜು ಬಿಡಬೇಕು.

"ದೊಡ್ಡಮ್ಮಾ, ಒಂದನ್ನ ಸೆರಗಲ್ಲಿ ಮುಚ್ಕೊಂಡು ತಂದ್ಬಿಡು."

"ಕದಿಯೋಕೆ ಹೇಳ್ಕೊಡ್ತೀಯೇನೇ? ನಿಂಗೆ ಅಂತ್ಲೇ ತೆಗೆದಿಟ್ಟಿದ್ದೀನಿ ಕಣೆ. ಕಂಪ್ಯೂಟರ್ ಗ್ರಂಥಾಲಯದ ಉದ್ಘಾಟನೆ ಆಗೋವರ್ಗೂ ಯಾರಿಗೂ ಪುಸ್ತಕ ಕೊಡೋ ಹಾಗಿಲ್ಲ. ಅದು ಮುಗೀಲಿ, ಚೀಟಿ ಬರೆಸಿ ತಗೊಂಡ್ಹೋಗು."

"ಸರಿ ಬಿಡು, ನಿನ್ನ ನಿಯತ್ತಿಗೂ ಒಂದು ರಟ್ಟು ಕಟ್ಟಿಡು!"

ಉದ್ಘಾಟನೆಯ ದಿನ ಚಪ್ಪಾಳೆಗೆ ಜನ ಸಾಲದೆಂದು ಕಸ ಗುಡಿಸುವವರನ್ನೂ ಸಭಾಂಗಣದಲ್ಲಿ ಕೂರಿಸಿದ್ದರು. ನಾನೂ ಅಂಗೈ ಕೆಂಪಾಗುವಷ್ಟು ತಟ್ಟಿದೆ. ಗ್ರಂಥಾಲಯದಲ್ಲಿದ್ದವನು ಜವಾನನೊಬ್ಬನೇ. ಆ ಹೊತ್ತಿಗೇ ಗುಜರಿಯವನು ಗಾಡಿ ತಂದು, ಯಾವುದನ್ನು ಒಯ್ಯಲಿ ಎಂದು ಕೇಳಿದನಂತೆ. ಜವಾನ ಆಫೀಸಿಗೆ ಫೋನ್ ಮಾಡಿದ. "ತೆಗೆದಿಟ್ಟಿರೋದನ್ನ ಕೊಟ್ಟು ಕಳಿಸೋ" ಎಂದರು ಗುಮಾಸ್ತರು.

ನಾನು ತಿರುಗಿ ಬಂದಾಗ ಗೋಡೆ ಬೋಳಾಗಿತ್ತು. ಇಂಗ್ಲಿಷಿನವು ಕಪಾಟಿನಲ್ಲಿ ಕದಲದೆ ನಿಂತಿದ್ದವು.

"ಅಯ್ಯೋ, ಅವನ್ನ ಯಾಕೋ ಕೊಟ್ಟೆ?"

"ನೀವೇ ತೆಗೆದಿಟ್ಟಿದ್ರಲ್ಲಮ್ಮಾ. ಎಷ್ಟು ನೀಟಾಗಿ ಜೋಡ್ಸಿದಾರೆ ಅಂತ ಗುಜರಿಯವ್ನೂ ಹೊಗಳ್ದ."

ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಗಾಡಿ ಗುಜರಿ ಅಂಗಡಿಯಲ್ಲಿ ನಿಲ್ಲದೆ ನೇರ ಕಾಗದದ ಕಾರ್ಖಾನೆಗೆ ಹೋಗಿತ್ತು. ಹೇಗಾದರೂ ಅವನ್ನು ವಾಪಸು ತರಿಸಿಕೊಡಿ ಎಂದು ಗ್ರಂಥಪಾಲಕರು ಪ್ರಿನ್ಸಿಪಾಲರ ಮುಂದೆ ನಿಂತು ಗೋಗರೆದರು. ಪ್ರಿನ್ಸಿಪಾಲರು ನಕ್ಕರು: "ಶರೀರಶಾಸ್ತ್ರ ಕಂಪ್ಯೂಟರಲ್ಲಿದೆಯಲ್ರೀ. ಇಂಗ್ಲಿಷಾದ್ರೇನು, ಶರೀರ ಎಲ್ಲಾ ಭಾಷೇಲೂ ಒಂದೇ ಅಲ್ವೇ?"

ಹುಡುಗಿ ಕಂಪ್ಯೂಟರಿನ ಮುಂದೆ ಕುಳಿತಳು. ಸಾಲಿಗೆ ಐದು ಪದ ಗೊತ್ತಿಲ್ಲ. ನಿಘಂಟು ತಿರುವಿ ಅರ್ಥ ಬರೆದುಕೊಳ್ಳುವಷ್ಟರಲ್ಲಿ ಪರದೆಯ ಮೇಲಿನ ಪುಸ್ತಕ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ತೆರೆಯುವಳು, ಮತ್ತೆ ಮುಚ್ಚುವುದು. ದಿನಕ್ಕೆ ಅರವತ್ತು ಸಲವಾದರೂ ತೆರೆದಿರಬೇಕು. ತೆರೆದ ಪ್ರತಿ ಸಲವನ್ನೂ ಕಂಪ್ಯೂಟರ್ ಒಂದು ಓದು ಎಂದು ಬರೆದುಕೊಂಡಿತು.

ಪರೀಕ್ಷೆ ಆಯಿತು. ಫೇಲಾದಳು.

ವರ್ಗಾವಣೆ ಪತ್ರ ತರಲು ಅವಳ ಜೊತೆ ನಾನೂ ಆಫೀಸಿಗೆ ಹೋದೆ. ಗುಮಾಸ್ತರು ಪತ್ರ ಕೊಟ್ಟು, "ಹೋಗ್ಬೇಡಮ್ಮಾ, ಪ್ರಿನ್ಸಿಪಾಲ್ರು ಕರೀತಿದಾರೆ" ಎಂದರು. ಒಳಗೆ ಫೋಟೋದವನು ಕಾಯುತ್ತಿದ್ದ. ಕಂಪ್ಯೂಟರ್ ಗ್ರಂಥಾಲಯವನ್ನು ಅತಿ ಹೆಚ್ಚು ಬಳಸಿದ ಓದುಗಿ ಎಂದು ಅವಳ ಹೆಸರು ಬಂದಿತ್ತಂತೆ. ಚೌಕಟ್ಟು ಹಾಕಿದ ಪ್ರಶಸ್ತಿಯನ್ನು ಪ್ರಿನ್ಸಿಪಾಲರು ಅವಳ ಕೈಗಿಟ್ಟರು. ಅವಳು ಫೇಲಾಗಿದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

"ಇನ್ನೊಂದು ಕೈಲಿರೋ ಕಾಗದ ಕಾಣ್ಬಾರ್ದು ನೋಡಿ" ಎಂದ ಫೋಟೋದವನು.

ಅವಳು ನನ್ನತ್ತ ತಿರುಗಿದಳು. "ತಗೋ ದೊಡ್ಡಮ್ಮಾ. ಕೊಡು ಅಂದ್ರೂ ಯಾರಿಗೂ ಕೊಡ್ಬೇಡ."

ವರ್ಗಾವಣೆ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಅವಳು ಹಲ್ಲು ಕಾಣುವಂತೆ ನಕ್ಕಳು.